ಕಸುಬಿನ ಹತಾರಕ್ಕೆ ಕರವೆ?

೨೦೨೫ನೆಯ ಇಸವಿಯ ನವೆಂಬರ್ ೪ನೆಯ ತಾರೀಖು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಟೆಕ್ಸಾಸಿನ ಮತದಾರರು ತಮ್ಮ ರಾಜ್ಯಘಟನೆಗೆ ಒಂದು ತಿದ್ದುಪಡಿಯನ್ನು ಬಹುಮತದಿಂದ ಒಪ್ಪಿದರು. ವರಮಾನ ಗಳಿಸುವುದಕ್ಕಾಗಿ ವ್ಯಾಪಾರಿಯೂ ಕಸುಬುದಾರನೂ ಇಟ್ಟುಕೊಂಡಿರುವ ಚರಸ್ವತ್ತಿನ ಮೇಲೆ, ಎಂದರೆ ಯಂತ್ರ, ಹತಾರ, ಮೇಜು, ತಕ್ಕಡಿ, ಅಂಗಡಿಯ ಸರಕು ಇವುಗಳ ಮೇಲೆ, ಅಲ್ಲಿಯ ಸ್ಥಳೀಯ ಸಂಸ್ಥೆಗಳು ವರ್ಷವರ್ಷವೂ ಆಸ್ತಿ ತೆರಿಗೆಯನ್ನು ಎತ್ತುತ್ತ ಬಂದಿವೆ. ಈ ಸ್ವತ್ತಿನ ಬೆಲೆ ೨,೫೦೦ ಡಾಲರಿಗಿಂತ ಕಡಿಮೆಯಾಗಿದ್ದರೆ ಮಾತ್ರ ತೆರಿಗೆಯಿಲ್ಲವೆಂಬುದು ಹಿಂದಿನ ನಿಯಮ. ೨೦೨೬ನೆಯ ತೆರಿಗೆ ವರ್ಷದಿಂದ ಮೊದಲ ೧,೨೫,೦೦೦ ಡಾಲರಿನಷ್ಟು ಬೆಲೆಗೆ ವಿನಾಯಿತಿ ದೊರೆಯುವಂತಾಯಿತು. ಒಮ್ಮೆಗೇ ಐವತ್ತು ಪಾಲು ಏರಿದ ಈ ಮಿತಿಯನ್ನು ನೋಡಿದರೆ ಹಿಂದಿನ ಮಿತಿ ಎಷ್ಟು ಅಲ್ಪವಾಗಿತ್ತೆಂಬುದು ತಾನಾಗಿಯೇ ತಿಳಿಯುವುದು.

ಆ ದೇಶದ ಸಣ್ಣ ಕಸುಬುದಾರರಿಗೆ ಇದರಿಂದ ತಪ್ಪಿದ ತೊಂದರೆ ಹಣದ್ದು ಮಾತ್ರವಲ್ಲ. ಜನವರಿ ೧ರಂದು ತನ್ನ ಬಳಿ ಇದ್ದ ಒಂದೊಂದು ಸಾಮಾನನ್ನೂ, ಅದನ್ನು ಕೊಂಡ ವರ್ಷವನ್ನೂ, ಕೊಟ್ಟ ಬೆಲೆಯನ್ನೂ ಪಟ್ಟಿಮಾಡಿ ಏಪ್ರಿಲ್ ೧೫ರೊಳಗೆ ಅಧಿಕಾರಿಗಳಿಗೆ ಒಪ್ಪಿಸಬೇಕೆಂಬುದು ಟೆಕ್ಸಾಸಿನ ಕಾನೂನು. ತಪ್ಪಿದವನಿಗೆ ತೆರಿಗೆಯ ನೂರಕ್ಕೆ ಹತ್ತರಷ್ಟು ದಂಡ. ದೊಡ್ಡ ಕಾರ್ಖಾನೆಗೆ ಇದು ಗುಮಾಸ್ತನೊಬ್ಬನ ಎರಡು ದಿನದ ಕೆಲಸ. ಒಬ್ಬನೇ ಕುಳಿತು ಪಾದರಕ್ಷೆ ಹೊಲಿಯುವವನಿಗೆ ಅಥವಾ ಎರಡು ಕುರ್ಚಿಯ ಕ್ಷೌರದಂಗಡಿಗೆ ಎರಡು ದಿನದ ಗಳಿಕೆಯೇ ಹೋಯಿತು. ಪಟ್ಟಿಯನ್ನು ಬರೆಯುವ ಖರ್ಚೂ ಅದನ್ನು ಪರಿಶೀಲಿಸುವ ಖರ್ಚೂ ಸೇರಿ ತೆರಿಗೆಯ ಮೊತ್ತವನ್ನೇ ನುಂಗಿದರೆ ಅಂಥ ತೆರಿಗೆ ಯಾರಿಗಾಗಿ? ಈ ಪ್ರಶ್ನೆ ಟೆಕ್ಸಾಸಿಗಿಂತ ಮುಂಚೆ ಇತರ ಸಂಸ್ಥಾನಗಳಿಗೂ ಹೊಳೆದಿದೆ. ಫ್ಲಾರಿಡಾದವರು ೨೦೦೮ರಲ್ಲಿಯೇ ೨೫,೦೦೦ ಡಾಲರಿನ ವಿನಾಯಿತಿಯನ್ನು ತಮ್ಮ ರಾಜ್ಯಘಟನೆಯಲ್ಲಿ ಬರೆದುಕೊಂಡರು. ಮಿಷಿಗನ್ನಿನಲ್ಲಿ ೮೦,೦೦೦ ಡಾಲರು ಇದ್ದ ಮಿತಿ ೨೦೨೩ರಿಂದ ೧,೮೦,೦೦೦ ಡಾಲರಾಯಿತು. ಊರಾಡಳಿತಗಳಿಗೆ ತಪ್ಪಿದ ಹಣವನ್ನು ರಾಜ್ಯದ ಬೇರೊಂದು ತೆರಿಗೆಯಿಂದ ತುಂಬಿಕೊಡುವ ಏರ್ಪಾಡಿಗೆ ಅಲ್ಲಿಯ ಮತದಾರರು ೨೦೧೪ರಲ್ಲಿಯೇ ಒಪ್ಪಿಗೆಯಿತ್ತಿದ್ದರು. ಓಹಾಯೊ ಸಂಸ್ಥಾನವಂತೂ ೨೦೦೫ರಿಂದ ತೊಡಗಿ ಕೆಲವೇ ವರ್ಷಗಳಲ್ಲಿ ಉದ್ಯಮದ ಯಂತ್ರಗಳ ಮೇಲಣ ತೆರಿಗೆಯನ್ನೇ ಹಂತಹಂತವಾಗಿ ಎತ್ತಿಹಾಕಿ, ಅದರ ಬದಲಿಗೆ ವಹಿವಾಟಿನ ಮೊತ್ತದ ಮೇಲೆ ಕರ ಹಾಕಿತು.

ಕಡಲಾಚೆಯ ಈ ಸಮಾಚಾರದಿಂದ ನಮಗೇನು ಎಂದು ವಾಚಕರು ಕೇಳಬಹುದು. ನಮ್ಮ ಪುರಸಭೆಗಳು ನೆಲದ ಮೇಲೂ ಕಟ್ಟಡದ ಮೇಲೂ ತೆರಿಗೆ ಎತ್ತುತ್ತವೆಯೇ ಹೊರತು ಬಡಗಿಯ ಉಳಿಯನ್ನೂ ಕಮ್ಮಾರನ ತಿದಿಯನ್ನೂ ಎಣಿಸಲು ಬರುವುದಿಲ್ಲವಷ್ಟೆ. ಈ ಮಾತು ನಿಜ. ಆದರೆ ಒಂದಾನೊಂದು ಕಾಲದಲ್ಲಿ ಬರುತ್ತಿದ್ದರು; ಅವರನ್ನು ಬಾರದಂತೆ ಮಾಡುವುದಕ್ಕೆ ನಮ್ಮ ಹಿರಿಯರು ಬಹುವಾಗಿ ಹೋರಾಡಬೇಕಾಯಿತು. ಮುಂದಿನ ಬಾಗಿಲಿನಿಂದ ಹೊರಟುಹೋದ ಆ ತೆರಿಗೆ ಹಿತ್ತಲ ಬಾಗಿಲಿನಿಂದ ಬೇರೊಂದು ವೇಷದಲ್ಲಿ ಒಳಗೆ ಬಂದಿದೆಯೋ ಎಂಬುದು ನಮ್ಮ ಸಂದೇಹ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹತಾರದ ಮೇಲಣ ಕರ ಈ ನಾಡಿಗೆ ಹೊಸದಲ್ಲ; ಅದನ್ನು ಪರದೇಶದವರೇ ತಂದರೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಕನ್ನಡದ ಶಿಲಾಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ನೇಕಾರನು ಮಗ್ಗಕ್ಕೂ ಗಾಣಿಗನು ಗಾಣಕ್ಕೂ ಇಷ್ಟಿಷ್ಟೆಂದು ತೆರಬೇಕಾಗಿತ್ತು. ಆ ತೆರಿಗೆಯನ್ನು ದೇವಸ್ಥಾನದ ದೀಪಕ್ಕೋ ಕೆರೆಯ ಕೆಲಸಕ್ಕೋ ಬಿಟ್ಟುಕೊಟ್ಟ ದಾಖಲೆಗಳೂ ಉಂಟು, ಮನ್ನಾ ಮಾಡಿದ ದಾಖಲೆಗಳೂ ಉಂಟು. ಅವುಗಳಲ್ಲಿ ವಿಜಯನಗರದ ಸದಾಶಿವರಾಯನ ಆಳ್ವಿಕೆಗೆ ಸೇರಿದ ಶಾಸನಗಳು ವಿಶೇಷವಾದವು. ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿದ ರಾಮರಾಯನು ಕ್ಷೌರಿಕರ ಮೇಲಿದ್ದ ತೆರಿಗೆಗಳನ್ನು ಬಿಟ್ಟುಕೊಟ್ಟನೆಂದು ಅವು ಸಾರುತ್ತವೆ. ಒಬ್ಬ ಕಸುಬುದಾರನ ಕೈಚಳಕದಿಂದ ಅವನ ಕುಲಕಸುಬಿನವರಿಗೆಲ್ಲ ವಿನಾಯಿತಿ ದೊರೆತದ್ದು ಸಂತೋಷದ ಸಂಗತಿಯೇ. ಆದರೆ ಅದು ದೊರೆಯ ದಯೆಯಾಗಿತ್ತು, ಪ್ರಜೆಯ ಹಕ್ಕಾಗಿರಲಿಲ್ಲ. ರಾಜನ ಗಡ್ಡಕ್ಕೆ ಕೈ ತಾಕದ ಕಮ್ಮಾರ ಕುಂಬಾರರು ಏನು ಮಾಡಬೇಕಾಗಿತ್ತು?

ಮುಂದೆ ಮುಸಲ್ಮಾನ ದೊರೆಗಳ ಮತ್ತು ಮರಾಠರ ಆಡಳಿತ ಭಾಷೆಯಲ್ಲಿ ಈ ಬಗೆಯ ತೆರಿಗೆಗಳಿಗೆಲ್ಲ ಮೊಹತರ್ಫಾ ಎಂಬ ಹೆಸರು ನಿಂತಿತು. ಇದರ ಮೂಲ ಅರಬ್ಬಿಯದು; ಕಸುಬುದಾರನೆಂಬ ಅರ್ಥದ ಮಾತಿನಿಂದ ಬಂದುದು. ಮನೆ, ಅಂಗಡಿ, ಮಗ್ಗ, ಗಾಣ, ಕುಲುಮೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತಿದ್ದವು. ಮೈಸೂರಿನ ಹಳೆಯ ಆದಾಯದ ಲೆಕ್ಕಗಳಲ್ಲಿಯೂ ಈ ಹೆಸರು ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯವರು ರಾಜ್ಯಗಳನ್ನು ವಶಮಾಡಿಕೊಂಡಾಗ ನೆಲಗಂದಾಯದ ಜತೆಗೆ ಇದನ್ನೂ ವಶಮಾಡಿಕೊಂಡರು. ದೊರೆಗಳ ಕಾಲದಲ್ಲಿ ಊರ ಗೌಡ ಶಾನಭೋಗರ ಮುಖನೋಟದಿಂದಲಾದರೂ ಸಡಿಲವಾಗುತ್ತಿದ್ದ ತೆರಿಗೆ ಕಂಪೆನಿಯ ಕಾಲದಲ್ಲಿ ಕಾಗದದ ಮೇಲೆ ಬಂದು ಗಟ್ಟಿಯಾಯಿತು. ಲಂಕಾಶೈರಿನ ಗಿರಣಿಗಳ ಬಟ್ಟೆ ಹಡಗು ಹಡಗಾಗಿ ಬಂದು ಇಳಿಯುತ್ತಿದ್ದಾಗ, ಅದೇ ದೇಶದವರ ಸರ್ಕಾರ ಇಲ್ಲಿಯ ನೇಕಾರನ ಮಗ್ಗವನ್ನು ಎಣಿಸಿ ತೆರಿಗೆ ಎತ್ತುತ್ತಿತ್ತು.

ಇದೇ ಕಾಲದಲ್ಲಿ ಇಂಗ್ಲೆಂಡು ತನ್ನ ವರ್ತಕರ ವಿಷಯದಲ್ಲಿ ಯಾವ ನೀತಿಯನ್ನು ಹಿಡಿದಿತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ೧೬೦೧ರ ಬಡವರ ಪರಿಹಾರದ ಕಾನೂನಿನ ಆಧಾರದ ಮೇಲೆ ವ್ಯಾಪಾರಿಯ ಸರಕಿನ ದಾಸ್ತಾನೂ ಊರ ತೆರಿಗೆಗೆ ಗುರಿಯಾಗುತ್ತಿತ್ತು. ಅದು ನ್ಯಾಯವಲ್ಲವೆಂದು ಕಂಡುಕೊಂಡು ಪಾರ್ಲಿಮೆಂಟು ೧೮೪೦ರಲ್ಲಿ ವಿನಾಯಿತಿಯ ಕಾನೂನೊಂದನ್ನು ಮಾಡಿ ಆ ಭಾರವನ್ನು ಇಳಿಸಿತು. ಲಂಡನ್ನಿನ ಅಂಗಡಿಯವನಿಗೆ ೧೮೪೦ರಲ್ಲಿ ದೊರೆತ ನ್ಯಾಯ ಮದರಾಸು ಪ್ರಾಂತದ ಬಡಗಿಗೆ ೧೮೫೨ರಲ್ಲಿಯೂ ದೊರೆತಿರಲಿಲ್ಲ. ಅಂದು ಬಳ್ಳಾರಿ ಸೀಮೆಯೂ ಕರಾವಳಿಯ ಕನ್ನಡ ಜಿಲ್ಲೆಯೂ ಆ ಪ್ರಾಂತಕ್ಕೇ ಸೇರಿದ್ದುದರಿಂದ ಇದು ನಮ್ಮವರ ಕಥೆಯೂ ಹೌದು.

ಗಾಜುಲು ಲಕ್ಷ್ಮೀನರಸು ಚೆಟ್ಟಿಯವರೆಂಬ ವರ್ತಕರ ಮುಂದಾಳುತನದಲ್ಲಿ ಏರ್ಪಟ್ಟ ಮದರಾಸು ನೇಟಿವ್ ಅಸೋಸಿಯೇಷನ್ ಆ ೧೮೫೨ನೆಯ ವರ್ಷ ಬ್ರಿಟಿಷ್ ಪಾರ್ಲಿಮೆಂಟಿಗೆ ಒಂದು ದೀರ್ಘವಾದ ಬಿನ್ನವತ್ತಳೆಯನ್ನು ಕಳುಹಿಸಿತು. ಕಾಂಗ್ರೆಸ್ಸು ಹುಟ್ಟುವುದಕ್ಕೆ ಮೂವತ್ತಮೂರು ವರ್ಷ ಮೊದಲಿನ ಈ ಪತ್ರದಲ್ಲಿ ಮೊಹತರ್ಫಾದ ವಿಚಾರವೂ ಬಂದಿದೆ. ನೇಕಾರರು, ಬಡಗಿಗಳು, ಲೋಹದ ಕೆಲಸದವರು, ದಾರಿಯ ಬದಿಯಲ್ಲಿ ಕುಳಿತು ಮಾರುವವರು ಯಾರೂ ಈ ತೆರಿಗೆಗೆ ಹೊರತಲ್ಲವೆಂದೂ, ಕೆಲವರು ಹತಾರಕ್ಕಾಗಿ ತೆತ್ತರೆ ಕೆಲವರು ಮಾರುವ ಅಪ್ಪಣೆಗಾಗಿ ತೆರಬೇಕೆಂದೂ, ಅತ್ಯಲ್ಪ ಬೆಲೆಯ ಉಪಕರಣವೂ ಇದರಿಂದ ತಪ್ಪಿಸಿಕೊಳ್ಳಲಾರದೆಂದೂ ಅರ್ಜಿದಾರರು ದೂರಿಕೊಂಡರು. ಉಪಕರಣಕ್ಕೆ ಕೊಟ್ಟ ಬೆಲೆಯ ಆರರಷ್ಟು ಹಣವನ್ನು ಅದನ್ನು ಬಳಸುವ ಅಪ್ಪಣೆಗಾಗಿ ತೆರಬೇಕಾದ ಸಂದರ್ಭಗಳೇ ಅನೇಕವೆಂದು ಅವರು ಬರೆದ ಮಾತನ್ನು ವಾಚಕರು ಗಮನಿಸಬೇಕು. ರೂಪಾಯಿಯ ಉಳಿಯನ್ನು ಹಿಡಿಯುವುದಕ್ಕೆ ಆರು ರೂಪಾಯಿ! ರೊಮೇಶಚಂದ್ರ ದತ್ತರು ತಮ್ಮ ಆರ್ಥಿಕ ಇತಿಹಾಸದ ಗ್ರಂಥದಲ್ಲಿ ಈ ಬಿನ್ನಪವನ್ನು ಸಂಗ್ರಹಿಸಿ ಉಳಿಸಿರದಿದ್ದರೆ ನಮ್ಮಲ್ಲಿ ಎಷ್ಟು ಜನಕ್ಕೆ ಇದು ತಿಳಿದಿರುತ್ತಿತ್ತೋ ಹೇಳಲಾರೆವು.

ತೆರಿಗೆ ಕೊಡಲಾರದವನ ಪಾಡೇನಾಗುತ್ತಿತ್ತೆಂಬುದೂ ಬಲ್ಲವರಿಗೆ ತಿಳಿದದ್ದೇ. ಸರ್ಕಾರದ ಹಣ ವಸೂಲಿಗಾಗಿ ಮದರಾಸು ಪ್ರಾಂತದಲ್ಲಿ ಜನರಿಗೆ ಚಿತ್ರಹಿಂಸೆ ಕೊಡುತ್ತಿದ್ದರೆಂಬ ಆಪಾದನೆಯನ್ನು ವಿಚಾರಿಸಿದ ಆಯೋಗ ೧೮೫೫ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಆಪಾದನೆ ಸುಳ್ಳಲ್ಲವೆಂದು ಹೇಳಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಬೆಳಗಾವಿಗಳವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲಿ ಕಸುಬು ವ್ಯಾಪಾರಗಳ ಮೇಲಣ ತೆರಿಗೆಗಳನ್ನು ೧೮೪೪ರ ೧೯ನೆಯ ಕಾನೂನೇ ರದ್ದುಮಾಡಿತ್ತು. ಮದರಾಸಿನಲ್ಲಿ ೧೮೬೦ರಲ್ಲಿ ಆದಾಯ ತೆರಿಗೆ ಬಂದ ಬಳಿಕವೇ ಮೊಹತರ್ಫಾ ಕಾಲ್ತೆಗೆಯಿತು. ಒಂದೇ ಕಂಪೆನಿಯ ಕೆಳಗೆ ತುಂಗಭದ್ರೆಯ ಒಂದು ದಡದ ಮಗ್ಗಕ್ಕೆ ತೆರಿಗೆಯುಂಟು, ಮತ್ತೊಂದು ದಡದ ಮಗ್ಗಕ್ಕೆ ಇಲ್ಲ. ಕನ್ನಡಿಗರು ಹಂಚಿಹೋದುದರ ಫಲಗಳಲ್ಲಿ ಇದೂ ಒಂದು.

ತೆರಿಗೆ ಹೋದರೂ ಹತಾರಕ್ಕೆ ಮತ್ತೊಂದು ಭಯ ಉಳಿದಿತ್ತು. ಅದು ಸಾಲಗಾರನ ಜಪ್ತಿ. ೧೯೦೮ರ ಸಿವಿಲ್ ಪ್ರೊಸೀಜರ್ ಕೋಡಿನ ೬೦ನೆಯ ಪ್ರಕರಣವನ್ನು ವಕೀಲ ಮಿತ್ರರು ಬಲ್ಲರು. ಕೈಕಸುಬಿನವರ ಹತಾರಗಳನ್ನೂ, ಬೇಸಾಯಗಾರನ ಉಪಕರಣಗಳನ್ನೂ, ಅವನ ಜೀವನಕ್ಕೆ ಅವಶ್ಯವೆಂದು ನ್ಯಾಯಾಲಯಕ್ಕೆ ತೋರುವಷ್ಟು ದನಗಳನ್ನೂ ಬಿತ್ತನೆಯ ಕಾಳನ್ನೂ ಡಿಕ್ರಿಗಾಗಿ ಜಪ್ತಿ ಮಾಡಕೂಡದೆಂದು ಅದು ವಿಧಿಸುತ್ತದೆ. ಈ ನಿಯಮದ ಹಿಂದಿರುವ ವಿವೇಕ ಸರಳವಾದುದು. ಹಸುವನ್ನು ಮಾರಿಸಿ ಹಾಲಿನ ಸಾಲವನ್ನು ತೀರಿಸಿಕೊಂಡವನಿಗೆ ನಾಳೆ ಹಾಲೂ ಇಲ್ಲ, ಸಾಲಗಾರನೂ ಇಲ್ಲ. ಸ್ವತಂತ್ರ ಭಾರತದ ೧೯೫೭ರ ಸಂಪತ್ತಿನ ತೆರಿಗೆಯ ಕಾನೂನು ಸಹ ವೃತ್ತಿಗೆ ಬೇಕಾದ ಹತಾರ ಸಲಕರಣೆಗಳನ್ನು ೨೦,೦೦೦ ರೂಪಾಯಿಗಳ ಮಿತಿಯೊಳಗೆ ಬಿಟ್ಟಿತ್ತು. ಆ ತೆರಿಗೆಯನ್ನೇ ೨೦೧೫ರಲ್ಲಿ ಕೈಬಿಟ್ಟದ್ದರಿಂದ ಅದರ ಮಾತು ಈಗ ಇತಿಹಾಸಕ್ಕೆ ಸೇರಿತು.

ಇನ್ನು ಪುರಸಭೆಯ ಆಸ್ತಿ ತೆರಿಗೆ. ಇದರಲ್ಲಿ ಯಂತ್ರಕ್ಕೆ ವಿನಾಯಿತಿ ದೊರೆತ ಬಗೆ ತುಸು ವಿನೋದದ್ದು. ಅಹಮದಾಬಾದಿನ ನಗರಸಭೆಯವರು ಗಿರಣಿಗಳ ಕಟ್ಟಡದ ಬೆಲೆಯನ್ನು ಕಟ್ಟುವಾಗ ಅದರೊಳಗಿನ ಯಂತ್ರಗಳ ಬೆಲೆಯನ್ನೂ ಸೇರಿಸಿಕೊಂಡರು. ನ್ಯೂ ಮಾಣೆಕ್ ಚೌಕ್ ಗಿರಣಿಯವರು ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದ ರಾಜ್ಯಪಟ್ಟಿಯ ೪೯ನೆಯ ಬಾಬು ನೆಲ ಮತ್ತು ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಮಾತ್ರ ಕೊಟ್ಟಿದೆ, ಕಟ್ಟಡದೊಳಗಿನ ಯಂತ್ರದ ಮೇಲೆ ಹಾಕುವುದಕ್ಕೆ ಅಲ್ಲವೆಂದು ನ್ಯಾಯಾಲಯ ೧೯೬೭ರಲ್ಲಿ ತೀರ್ಪು ಕೊಟ್ಟಿತು. ಹೋರಾಡಿದವರು ಗಿರಣಿಯ ಸಾಹುಕಾರರು. ಅದರ ನೆರಳು ಇಡೀ ದೇಶದ ಕಮ್ಮಾರಸಾಲೆಗಳ ಮೇಲೂ ಬಿತ್ತು. ಸಾಹುಕಾರರ ವ್ಯಾಜ್ಯದಿಂದ ಬಡವನಿಗೆ ಲಾಭವಾಗುವುದು ಅಪರೂಪವಾದುದರಿಂದ ಇದನ್ನು ಗುರುತಿಸಿ ಹೇಳುತ್ತಿದ್ದೇವೆ.

ಆದರೆ ತೀರ್ಪಿನ ಮಾತು ಒಂದು, ಊರ ಓಣಿಯ ಸ್ಥಿತಿ ಇನ್ನೊಂದು. ಇಳಕಲ್ಲು, ಗುಳೇದಗುಡ್ಡಗಳ ಹಳೆಯ ನೇಕಾರರ ಮನೆಗಳಲ್ಲಿ ಮಗ್ಗವು ಒಂದು ಮೂಲೆಯಲ್ಲಿಟ್ಟ ಸಾಮಾನಲ್ಲ. ಮನೆಯ ನೆಲದಲ್ಲಿಯೇ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವುದು ಅಲ್ಲಿಯ ಸಂಪ್ರದಾಯ. ಆ ಕುಣಿ ಕಟ್ಟಡದ ಭಾಗವೋ, ಮಗ್ಗದ ಭಾಗವೋ? ಕುಣಿಯ ಪಕ್ಕದಲ್ಲಿಯೇ ಒಲೆ, ತೊಟ್ಟಿಲು, ದೇವರ ಗೂಡು ಇರುವಾಗ ಆ ಕೋಣೆ ವಾಸದ್ದೋ, ವಾಣಿಜ್ಯದ್ದೋ? ನಮ್ಮ ಪುರಸಭೆಗಳಲ್ಲಿ ವಾಸದ ಕಟ್ಟಡಕ್ಕೆ ಒಂದು ದರ, ವಾಸೇತರ ಕಟ್ಟಡಕ್ಕೆ ಅದಕ್ಕಿಂತ ಹೆಚ್ಚಿನ ದರ. ಮಗ್ಗವನ್ನು ಎಣಿಸಲು ಕಾನೂನು ಬಿಡದಿದ್ದರೂ, ಮಗ್ಗವಿದೆಯೆಂಬ ಒಂದೇ ಕಾರಣದಿಂದ ಮನೆಯನ್ನು ಮೇಲಿನ ದರಕ್ಕೆ ಏರಿಸಿದರೆ ತೆತ್ತದ್ದು ಮಗ್ಗದೆರೆಯೇ ಆಯಿತಲ್ಲವೆ? ಹೊಲಿಗೆಯ ಯಂತ್ರವನ್ನು ಪಡಸಾಲೆಯಲ್ಲಿ ಇಟ್ಟುಕೊಂಡು ನಾಲ್ಕು ಕಾಸು ಗಳಿಸುವ ವಿಧವೆಗೂ ಈ ಪ್ರಶ್ನೆ ಅನ್ವಯಿಸುವುದು. ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರವನ್ನು ಹೂಡುವುದಕ್ಕೆ ಪರವಾನಗಿಯ ಶುಲ್ಕವನ್ನು ಅಶ್ವಶಕ್ತಿಗೆ ತಕ್ಕಂತೆ ಏರಿಸುವ ಪದ್ಧತಿಯೂ ಉಂಟು. ಅದು ಶುಲ್ಕವೇ ಹೊರತು ತೆರಿಗೆಯಲ್ಲವೆಂದು ಅಧಿಕಾರಿಗಳು ಹೇಳುವರು. ಕೊಡುವವನ ಜೇಬಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಮನೆಯವರೇ ನಡೆಸುವ ಕಸುಬು ಮನೆಯೊಳಗಿದ್ದರೆ ಅದನ್ನು ವಾಸದ ಮನೆಯೆಂದೇ ಎಣಿಸಬೇಕೆಂಬ ಸ್ಪಷ್ಟವಾದ ಸೂಚನೆ ಪ್ರತಿಯೊಂದು ಪುರಸಭೆಯ ತೆರಿಗೆ ಶಾಖೆಯ ಗೋಡೆಯ ಮೇಲೆ ಇರತಕ್ಕದ್ದು. ಕರವಸೂಲಿಯ ಗುಮಾಸ್ತನ ಇಷ್ಟಾನಿಷ್ಟಕ್ಕೆ ಬಿಟ್ಟ ವಿನಾಯಿತಿ ವಿನಾಯಿತಿಯಲ್ಲ. ಅದು ರಾಮರಾಯನ ದಯೆಗಿಂತಲೂ ಕೀಳಾದುದು.

ಇಷ್ಟೆಲ್ಲ ಹೇಳಿದ ಮೇಲೆ ನಾವು ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇವೆ. ೨೦೧೭ರ ಜುಲೈ ೧ರಿಂದ ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಲ್ಲಿದೆ. ಇದು ಆಸ್ತಿಯ ಮೇಲಣ ತೆರಿಗೆಯಲ್ಲ, ಕೊಳ್ಳುವ ವಸ್ತುವಿನ ಮೇಲಣದು. ಆದುದರಿಂದ ಹತಾರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರುವುದು. ಈ ತೆರಿಗೆಯ ಪಟ್ಟಿಯಲ್ಲಿ ಸರಕುಗಳಿಗೆ ಅಂಕೆಗಳುಂಟು. ೮೨೦೧ನೆಯ ಅಂಕೆಯ ಕೆಳಗೆ ಸಲಿಕೆ, ಗುದ್ದಲಿ, ಕೊಡಲಿ, ಕುಡುಗೋಲು ಮುಂತಾದ ಬೇಸಾಯದ ಕೈ ಉಪಕರಣಗಳು ಬರುತ್ತವೆ. ಇವುಗಳಿಗೆ ತೆರಿಗೆ ಇಲ್ಲ. ಚರಕಕ್ಕೂ ಇಲ್ಲ, ಕೈಮಗ್ಗಕ್ಕೂ ಇಲ್ಲ. ಬಹಳ ಒಳ್ಳೆಯದಾಯಿತು. ಮಹಾತ್ಮರ ಹೆಸರು ಹೇಳಿ ಸ್ವತಂತ್ರವಾದ ದೇಶದಲ್ಲಿ ಚರಕಕ್ಕೆ ತೆರಿಗೆ ಹಾಕಿದ್ದರೆ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ. ಆದರೆ ಅದೇ ಪಟ್ಟಿಯಲ್ಲಿ ನಾಲ್ಕೇ ಅಂಕೆ ಮುಂದೆ ಹೋದರೆ ೮೨೦೫ರಲ್ಲಿ ಸುತ್ತಿಗೆ, ಉಳಿ, ಉಜ್ಜುಗೊರಡು, ಕಮ್ಮಾರನ ಅಡಿಗಲ್ಲು ಇವೆ. ಇವುಗಳಿಗೆ ನೂರಕ್ಕೆ ಹದಿನೆಂಟು. ಗರಗಸಕ್ಕೂ ಅರಕ್ಕೂ ಇಕ್ಕಳಕ್ಕೂ ಅಷ್ಟೇ. ಕೈಯಲ್ಲಿ ಹಿಡಿದು ಕೊರೆಯುವ ವಿದ್ಯುತ್ ಯಂತ್ರಕ್ಕೂ ಅಷ್ಟೇ. ಕುಡುಗೋಲಿಗೆ ತೆರಿಗೆ ಇಲ್ಲ. ಆ ಕುಡುಗೋಲನ್ನು ಬಡಿದು ಹರಿತಮಾಡುವ ಸುತ್ತಿಗೆಗೆ ತೆರಿಗೆ ಉಂಟು. ಒಕ್ಕಲಿಗನೂ ನೇಕಾರನೂ ಕಾನೂನಿನ ಕಣ್ಣಿಗೆ ಬಿದ್ದಂತೆ ಕಮ್ಮಾರನೂ ಬಡಗಿಯೂ ಬಿದ್ದಿಲ್ಲ. ನೇಗಿಲನ್ನು ಮಾಡುವವರು ಅವರೇ ಎಂಬುದನ್ನು ಪಟ್ಟಿಯನ್ನು ಬರೆದವರು ಮರೆತಂತಿದೆ.

ತೆರಿಗೆ ಎಲ್ಲರಿಗೂ ಸಮವಾಗಿ ಬಿದ್ದಿದ್ದರೆ ನಮ್ಮ ದೂರು ಇಷ್ಟು ಬಲವಾಗಿರುತ್ತಿರಲಿಲ್ಲ. ಅದು ಸಮವಾಗಿ ಬೀಳುವುದಿಲ್ಲ. ಹತ್ತು ಸಾವಿರ ರೂಪಾಯಿಯ ಒಂದು ಯಂತ್ರವನ್ನು ದೊಡ್ಡ ಪೀಠೋಪಕರಣದ ಕಾರ್ಖಾನೆಯೊಂದು ಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ತೆರಿಗೆ ಸೇರಿ ಅದು ೧೧,೮೦೦ ರೂಪಾಯಿ ಕೊಡುವುದು. ಆದರೆ ತಾನು ಮಾರಿದ ಕುರ್ಚಿ ಮೇಜುಗಳ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಈ ೧,೮೦೦ ರೂಪಾಯಿಯನ್ನು ಮುರಿದುಕೊಳ್ಳಲು ಅದಕ್ಕೆ ಕಾನೂನು ಅವಕಾಶ ಕೊಟ್ಟಿದೆ. ಕೊನೆಗೆ ಅದಕ್ಕೆ ಯಂತ್ರ ಬಿದ್ದದ್ದು ಹತ್ತು ಸಾವಿರಕ್ಕೆ. ಅದೇ ಅಂಗಡಿಯಲ್ಲಿ ಅದೇ ದಿನ ಅದೇ ಯಂತ್ರವನ್ನು ಓಣಿಯ ಬಡಗಿ ಕೊಂಡರೆ ಅವನಿಗೆ ಬಿದ್ದದ್ದು ೧೧,೮೦೦ಕ್ಕೆ. ಕರ್ನಾಟಕದಲ್ಲಿ ವರ್ಷಕ್ಕೆ ಸರಕಿನ ವಹಿವಾಟು ೪೦ ಲಕ್ಷ, ಸೇವೆಯ ವಹಿವಾಟು ೨೦ ಲಕ್ಷ ರೂಪಾಯಿ ಮೀರದವನು ಈ ತೆರಿಗೆಗೆ ನೋಂದಣಿ ಮಾಡಿಸಬೇಕಾದುದಿಲ್ಲ. ನೋಂದಣಿಯಿಲ್ಲದವನಿಗೆ ಮುರಿದುಕೊಳ್ಳುವ ಹಕ್ಕೂ ಇಲ್ಲ. ಸಣ್ಣವರಿಗೆಂದೇ ಮಾಡಿದ ಕಾಂಪೊಸಿಷನ್ ಪದ್ಧತಿಗೆ ಸೇರಿದವನಿಗೂ ಇಲ್ಲ. ಸಣ್ಣವನೆಂದು ಕರುಣೆ ತೋರಿ ನೋಂದಣಿಯಿಂದ ಬಿಟ್ಟ ಕಾನೂನೇ ಅವನ ಹತಾರವನ್ನು ದೊಡ್ಡವನ ಹತಾರಕ್ಕಿಂತ ನೂರಕ್ಕೆ ಹದಿನೆಂಟರಷ್ಟು ತುಟ್ಟಿಯಾಗಿಸಿತು. ಮೊಹತರ್ಫಾದಲ್ಲಿ ಈ ಕುಟಿಲತೆ ಇರಲಿಲ್ಲ. ತೆರಿಗೆಯೆಂದು ಹೇಳಿ, ಮನೆಯ ಬಾಗಿಲಿಗೆ ಬಂದು, ಕಣ್ಣಿಗೆ ಕಾಣುವಂತೆ ವಸೂಲು ಮಾಡುತ್ತಿದ್ದರು; ಅದರ ಮೇಲೆ ಅರ್ಜಿ ಬರೆಯುವುದಾದರೂ ಸಾಧ್ಯವಾಗಿತ್ತು. ಬೆಲೆಯೊಳಗೆ ಅಡಗಿ ಕುಳಿತ ತೆರಿಗೆಯ ಮೇಲೆ ಯಾರು ಅರ್ಜಿ ಬರೆಯುತ್ತಾರೆ?

ನೋಂದಣಿ ಮಾಡಿಸಿಕೊಳ್ಳಲು ಅವನಿಗೆ ಅಡ್ಡಿಯೇನು, ಸ್ವಂತ ಇಚ್ಛೆಯಿಂದ ಮಾಡಿಸಿಕೊಳ್ಳಬಹುದಲ್ಲ ಎಂದು ತಿಳಿದವರು ಹೇಳುತ್ತಾರೆ. ಹೌದು, ಮಾಡಿಸಿಕೊಳ್ಳಬಹುದು. ಆಮೇಲೆ ಅವನು ವರ್ಷವಿಡೀ ಲೆಕ್ಕಪತ್ರ ಒಪ್ಪಿಸಬೇಕು. ಅದಕ್ಕೊಬ್ಬ ಲೆಕ್ಕಿಗನಿಗೆ ಹಣ ಕೊಡಬೇಕು. ಬಾಗಿಲು ರಿಪೇರಿ ಮಾಡಿಸಿದ ಗೃಹಸ್ಥನಿಂದ ಕೂಲಿಯ ಮೇಲೆ ತೆರಿಗೆಯನ್ನೂ ಕೇಳಬೇಕು. ಗೃಹಸ್ಥನು ನೋಂದಣಿಯಿಲ್ಲದ ಬಡಗಿಯನ್ನು ಕರೆಯುವನು. ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ಒಂದು ಯಂತ್ರದ ಮೇಲೆ ೧,೮೦೦ ರೂಪಾಯಿ ಉಳಿಸುವುದಕ್ಕಾಗಿ ಇಷ್ಟು ರಗಳೆಯನ್ನು ತಲೆಯ ಮೇಲೆ ಎಳೆದುಕೊಳ್ಳಬೇಕೆಂದು ಹೇಳುವವರು ಕಸುಬುದಾರನ ದಿನಚರಿಯನ್ನು ನೋಡಿದವರಲ್ಲ.

ಸರ್ಕಾರಕ್ಕೆ ಹತಾರದ ಮಹತ್ವ ತಿಳಿಯದೆಂದು ನಾವು ಹೇಳುವುದಿಲ್ಲ. ಕೇಂದ್ರ ಸರ್ಕಾರದವರು ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳವರಿಗೆ ಹತಾರ ಕೊಳ್ಳಲು ೧೫,೦೦೦ ರೂಪಾಯಿವರೆಗೆ ನೆರವು ಗೊತ್ತುಮಾಡಿದ್ದಾರೆ. ಉಪಕಾರ ದೊಡ್ಡದು. ಅಷ್ಟೇ ಮೊತ್ತಕ್ಕೆ ಒಬ್ಬ ಕಮ್ಮಾರನು ಅಂಗಡಿಯಿಂದ ಹದಿನೆಂಟರ ದರದ ಹತಾರಗಳನ್ನೇ ಕೊಂಡರೆ ಅದರಲ್ಲಿ ಸುಮಾರು ೨,೨೮೮ ರೂಪಾಯಿ ತೆರಿಗೆಯಾಗಿ ಕೇಂದ್ರದ ಮತ್ತು ರಾಜ್ಯದ ಬೊಕ್ಕಸಗಳಿಗೆ ಮರಳುವುದು. ಬಲಗೈಯಿಂದ ಕೊಟ್ಟುದರಲ್ಲಿ ಏಳನೆಯ ಒಂದು ಪಾಲಿನಷ್ಟನ್ನು ಎಡಗೈಯಿಂದ ಹಿಂದಕ್ಕೆ ತೆಗೆದುಕೊಂಡ ಹಾಗೆ. ಯೋಜನೆಗೆ ಸೇರದವನಿಂದಲಾದರೋ ತೆಗೆದುಕೊಳ್ಳುವುದೊಂದೇ. ಮಹಾನವಮಿಯ ದಿನ ಗರಗಸಕ್ಕೂ ತಿದಿಗೂ ಹೂವು ಕುಂಕುಮವೇರಿಸುವ ದೇಶ ನಮ್ಮದು. ತೆರಿಗೆ ಕಚೇರಿಯ ಬೀರುಗಳಿಗೂ ಆ ದಿನ ಪೂಜೆ ನಡೆಯುವುದನ್ನು ನಾವು ಕಂಡಿದ್ದೇವೆ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ಒಪ್ಪಬೇಕಾಗುತ್ತದೆ. ಸುತ್ತಿಗೆಗೆ ತೆರಿಗೆಯನ್ನು ಪೂರ್ತಿ ತೆಗೆದುಹಾಕಿದರೆ ಸುತ್ತಿಗೆಯನ್ನು ಮಾಡುವವನಿಗೆ ಸಂಕಟ. ಜಲಂಧರದಂಥ ಊರುಗಳಲ್ಲಿ ಹತಾರಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳವರು ಉಕ್ಕಿನ ಮೇಲೆ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವುದು ತಾವು ಮಾರುವ ಸರಕಿನ ತೆರಿಗೆಯಲ್ಲಿ. ಮಾರುವ ಸರಕಿಗೆ ತೆರಿಗೆಯೇ ಇಲ್ಲವೆಂದಾದರೆ ಉಕ್ಕಿನ ಮೇಲೆ ಕೊಟ್ಟದ್ದು ಮುಳುಗಿತು. ಅವರು ಅದನ್ನು ಬೆಲೆಗೆ ಸೇರಿಸುವರು. ಹೊರೆ ಪುನಃ ಬಡಗಿಯ ಮೇಲೆಯೇ. ಆದುದರಿಂದ ಶೂನ್ಯ ದರವನ್ನು ನಾವು ಕೇಳುವುದಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಿಂದ ತೆರಿಗೆಯ ಮಟ್ಟಗಳನ್ನು ಹೊಸದಾಗಿ ಜೋಡಿಸಿದಾಗ ಹೊಲಿಗೆಯ ಯಂತ್ರಕ್ಕಿದ್ದ ನೂರಕ್ಕೆ ಹನ್ನೆರಡರ ದರವನ್ನು ಐದಕ್ಕೆ ಇಳಿಸಿದರು. ದರ್ಜಿಗೆ ದೊರೆತದ್ದು ಕಮ್ಮಾರನಿಗೂ ಬಡಗಿಗೂ ದೊರೆಯಲಿ ಎಂಬುದಿಷ್ಟೇ ನಮ್ಮ ಬೇಡಿಕೆ. ಐದರ ದರವಿದ್ದರೆ ತಯಾರಕನು ತಾನು ಮೊದಲು ಕೊಟ್ಟುದರಲ್ಲಿ ಒಂದು ಭಾಗವನ್ನು ಮುರಿದುಕೊಳ್ಳುವನು. ಉಳಿದುದನ್ನು ಮರಳಿ ಪಡೆಯಲು ಕಾನೂನಿನಲ್ಲಿ ಈಗಾಗಲೇ ದಾರಿಯಿದೆ. ಹತ್ತು ಸಾವಿರದ ಯಂತ್ರದ ಮೇಲೆ ಬಡಗಿಯ ಹೊರೆ ೧,೮೦೦ರಿಂದ ೫೦೦ ರೂಪಾಯಿಗೆ ಇಳಿಯುವುದು.

ಬೊಕ್ಕಸಕ್ಕೆ ನಷ್ಟವೆಷ್ಟು? ದೊಡ್ಡ ಕಾರ್ಖಾನೆಗಳು ಕೊಡುವ ತೆರಿಗೆ ಹೇಗೂ ಅವರಿಗೇ ಮುರಿದುಹೋಗುವುದರಿಂದ ಅಲ್ಲಿ ನಷ್ಟದ ಮಾತೇ ಇಲ್ಲ. ನಷ್ಟವಾಗುವುದು ಮುರಿದುಕೊಳ್ಳಲಾರದವರಿಂದ ಬರುತ್ತಿದ್ದ ಹಣ ಮಾತ್ರ. ಅದು ದೊಡ್ಡ ಮೊತ್ತವಾಗಿದ್ದರೆ, ಅಷ್ಟೊಂದು ದೊಡ್ಡ ಮೊತ್ತವನ್ನು ಸಣ್ಣವರಿಂದಲೇ ಎತ್ತಲಾಗುತ್ತಿದೆಯೆಂದು ಒಪ್ಪಿಕೊಂಡಂತೆ. ಸಣ್ಣ ಮೊತ್ತವಾಗಿದ್ದರೆ ಬಿಡಲು ಹಿಂದುಮುಂದು ನೋಡಬೇಕಾದುದಿಲ್ಲ. ಕಸುಬುದಾರನು ತೆರಿಗೆಯನ್ನೇ ಕೊಡಬಾರದೆಂದು ನಾವು ವಾದಿಸುತ್ತಿಲ್ಲ. ವೃತ್ತಿಯ ಮೇಲೆ ತೆರಿಗೆ ಹಾಕಲು ಸಂವಿಧಾನದ ೨೭೬ನೆಯ ಅನುಚ್ಛೇದ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಅದರ ಜೊತೆಗೆ ಒಬ್ಬನಿಂದ ವರ್ಷಕ್ಕೆ ಇಂತಿಷ್ಟನ್ನು ಮೀರಕೂಡದೆಂಬ ಕಟ್ಟನ್ನೂ ಹಾಕಿದೆ. ಮೊದಲು ೨೫೦ ರೂಪಾಯಿ ಇದ್ದ ಆ ಕಟ್ಟು ೧೯೮೮ರ ಅರುವತ್ತನೆಯ ತಿದ್ದುಪಡಿಯಿಂದ ೨,೫೦೦ ರೂಪಾಯಿಯಾಯಿತು. ಹಳೆಯ ಮೊಹತರ್ಫಾದ ಕೆಟ್ಟ ನೆನಪಿದ್ದವರು ರಚಿಸಿದ ನಿಯಮದಂತೆ ಇದು ನಮಗೆ ತೋರುತ್ತದೆ. ಗಳಿಸಿದ ಮೇಲೆ ಕೊಡುವುದಕ್ಕೂ ಗಳಿಸುವುದಕ್ಕೆ ಮುಂಚೆ, ಹತಾರ ಕೈಗೆ ಬರುವಾಗಲೇ ಕೊಡುವುದಕ್ಕೂ ಇರುವ ಅಂತರವನ್ನು ಅದು ಗುರುತಿಸಿದೆ.

ಸರಕು ಮತ್ತು ಸೇವಾ ತೆರಿಗೆಯ ದರಗಳನ್ನು ಗೊತ್ತುಮಾಡುವ ಮಂಡಲಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ರಾಜ್ಯಗಳ ಮತಗಳಿಗೆಲ್ಲ ಸೇರಿ ಎರಡು ಪಾಲು. ಕರ್ನಾಟಕದ ಮಂತ್ರಿಗಳಿಗೂ ಅಲ್ಲಿ ಆಸನವಿದೆ. ಐಷಾರಾಮದ ಮೋಟಾರು, ಸಿಗರೇಟು, ವಿಮೆ ಇವುಗಳ ವಿಚಾರದಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುವ ಆ ಸಭೆಯಲ್ಲಿ ೮೨೦೨ರಿಂದ ೮೨೦೫ರವರೆಗಿನ ನಾಲ್ಕು ಅಂಕೆಗಳಿಗಾಗಿ ಹದಿನೈದು ನಿಮಿಷ ಕೇಳುವುದು ಅತಿಯಾಗಲಾರದು. ಮಂತ್ರಿಗಳು ಹೊರಡುವುದಕ್ಕೆ ಮೊದಲು ತಮ್ಮ ಅಧಿಕಾರಿಗಳಿಂದ ಒಂದು ಟಿಪ್ಪಣಿಯನ್ನು ಬರೆಸಿಕೊಳ್ಳಲಿ. ಪುರಸಭೆಗಳ ಇಲಾಖೆಯವರು ಅದೇ ವಾರದಲ್ಲಿ, ಕುಣಿಮಗ್ಗದ ಮನೆ ಯಾವ ದರಕ್ಕೆ ಸೇರುವುದೆಂಬುದನ್ನು ಒಂದು ಸುತ್ತೋಲೆಯಲ್ಲಿ ತಿಳಿಸಲಿ.